ಕಾರಾಪುರದ ಬೇಟೆ ಬಂಗಲೆ
(ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಬೇಸಿಗೆ ರಜೆಗೆ ಊರ ಕಡೆ ಹೊರಡುವವರು ನಮ್ಮಲ್ಲಿ ಅನೇಕರಿದ್ದಾರೆ. ದಾದರಿನಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿನಲ್ಲಿ ಇಳಿದವರು ಅರಮನೆ, ಚಾಮುಂಡಿ ಬೆಟ್ಟ, ಬೃಂದಾವನ ನೋಡಿ ಹಿಂತಿರುಗುವುದು ವಾಡಿಕೆ. ಇನ್ನೊಂದು ದಿನ ಕೈಯಲ್ಲಿದ್ದರೆ ಹೆಗ್ಗಡದೇವನಕೋಟೆಯ ದಾರಿ ಹಿಡಿದು ಕಾರಾಪುರಕ್ಕೂ ಹೋಗಿ ಬನ್ನಿರೆಂದು ಹೇಳಲು ನಿಂತಿದ್ದೇನೆ.

ಕಬಿನಿಯ ದಡದ ಈ ಬಂಗಲೆ ಮೈಸೂರು ಮಹಾರಾಜರದಾಗಿತ್ತು. ಬೇಟೆಗೂ ಖೆಡ್ಡಾ ನೋಡಲಿಕ್ಕೂ ಬಂದ ವೈಸರಾಯರೇ ಮೊದಲಾದ ಅತಿಥಿಗಳು ಇಲ್ಲಿ ಬಿಡಾರ ಮಾಡುತ್ತಿದ್ದರು. ಖೆಡ್ಡಾ ಎಂದರೆ ಕಾಡಾನೆಗಳನ್ನು ಹಿಂಡುಗಟ್ಟಲೆ ಹಿಡಿಯುವ ಕೆಲಸ. ತಮಟೆ, ಬೆಂಕಿ, ಕೂಗುಗಳಿಂದ ಹಿಂಡನ್ನು ದಿನಗಟ್ಟಲೆ ಅಟ್ಟಿ, ಹೊಳೆಗೆ ಇಳಿಸಿ, ದಿಮ್ಮಿಗಳ ಆವರಣದೊಳಕ್ಕೆ ನೂಕಿ ಬಾಗಿಲು ಮುಚ್ಚುತ್ತಿದ್ದರು. ಆಮೇಲೆ ಪಳಗಿದ ಆನೆಗಳು ಹೊಸ ಆನೆಯನ್ನು ನಡುವೆ ಒತ್ತಿ ಹಿಡಿಯುವುದು, ಆಳುಗಳು ಹಗ್ಗ ಬಿಗಿಯುವುದು. ಅತಿಥಿಗಳು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. ಪುಸ್ತಕಗಳಲ್ಲಿ ಉಳಿದ ಹೆಸರುಗಳು ಹೆಚ್ಚಾಗಿ ಅಟ್ಟಣೆಯ ಮೇಲಿನವರವು. ಜೀವದ ಹಂಗು ತೊರೆದು ಆನೆಯ ಜಾಡು ಹಿಡಿದ ಜೇನುಕುರುಬರ, ಬೆಟ್ಟಕುರುಬರ ಹೆಸರು ಬರೆದಿಟ್ಟವರು ವಿರಳ. ಕಚೇರಿ, ಹೋಟೆಲು, ಕಾರ್ಖಾನೆಗಳಲ್ಲಿ ದುಡಿಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅದರಲ್ಲಿ ಸೆರೆಸಿಕ್ಕ ದ್ರೋಣನೇ ಮುಂದೆ ಹಲವು ವರ್ಷ ದಸರೆಯ ಅಂಬಾರಿ ಹೊತ್ತದ್ದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. 1974ರಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಕಾಕನಕೋಟೆಯ ಖೆಡ್ಡಾ ಬಯಲು ನೀರಿನಡಿ ಸೇರಿತು. ಹಳ್ಳಿಗಳೂ ಮುಳುಗಿದವು. ಕಾಡಿನ ಅನೇಕ ಕುಟುಂಬಗಳು ತಮ್ಮ ಹಾಡಿ ಬಿಟ್ಟು ಅಂಚಿಗೆ ಬಂದವು. ಬಂಗಲೆ 1980ರ ದಶಕದಲ್ಲಿ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಗೃಹವಾಯಿತು.

ಅಲ್ಲಿ ತಂಗುವುದು ನಮ್ಮ ಸಂಬಳಕ್ಕೆ ಭಾರವೇ ಸರಿ. ಆದರೆ ಕಾಡು ನೋಡಲು ಬಂಗಲೆಯಲ್ಲೇ ತಂಗಬೇಕೆಂದಿಲ್ಲ; ಅರಣ್ಯ ಇಲಾಖೆಯ ಸಫಾರಿಯೂ ಉಂಟು. ಕೆಲವೊಮ್ಮೆ ಅದನ್ನು ನಿಲ್ಲಿಸುವುದರಿಂದ ಮೊದಲೇ ವಿಚಾರಿಸಿ ಹೊರಡಿರಿ. ಮಾರ್ಚಿನಿಂದ ಮೇ ತಿಂಗಳವರೆಗೆ ಹಿನ್ನೀರು ಇಳಿದು ದಡದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಹಿಂದೆ ಯಾವ ಹೊಳೆಯಲ್ಲಿ ಹಗ್ಗಕ್ಕೆ ಸಿಕ್ಕಿದುವೋ ಅದರ ದಡಕ್ಕೇ ಇಂದು ಆನೆಗಳು ಮರಿಗಳೊಡನೆ ತಾವಾಗಿ ಬರುತ್ತವೆ. ಇದು ಕಣ್ತುಂಬ ನೋಡಬೇಕಾದದ್ದು.

ನೋಡುವಾಗ ಕಾಡಿನ ಮಕ್ಕಳನ್ನೂ ನೆನೆಯಿರಿ. ದಸರೆ ಆನೆಗಳ ಮಾವುತರು, ಕಾವಾಡಿಗಳಲ್ಲಿ ಅನೇಕರು ಇಂದಿಗೂ ಅವರೇ. ಆನೆಗಳು ಸ್ವತಂತ್ರವಾದುವು, ಆನೆ ಬಲ್ಲವರಿಗೆ ನೆಲೆ ಸಿಕ್ಕಿತೇ? ಊರು ಬಿಟ್ಟು ಬಂದ ನಾವು ಕೇಳಬೇಕಾದ ಪ್ರಶ್ನೆ ಇದು. ಹೊರಡುವ ಮುನ್ನ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಓದಿಕೊಳ್ಳಿರಿ. ಅಲ್ಲಿ ಕಾಡಿನವರಿಗೆ ಹೆಸರಿದೆ, ಮಾತೂ ಇದೆ.