ಕುಂದಗೋಳದ 634 ಮತಗಳು

ಒಂದು ಮತದಿಂದ ಏನಾದೀತು ಎಂಬ ಮಾತು ನವಲಗುಂದದ ಕಟ್ಟೆಯ ಮೇಲೂ ಕಲಘಟಗಿಯ ಸಂತೆಯಲ್ಲೂ ಕೇಳಿಬರುತ್ತದೆ. ಕಿರಿಯ ಗೆಳೆಯರೆ, ಇದಕ್ಕೆ ಉತ್ತರ ನಮ್ಮ ಕುಂದಗೋಳದಲ್ಲೇ ಇದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಅಲ್ಲಿ ಸಿ.ಎಸ್. ಶಿವಳ್ಳಿ ಗೆದ್ದದ್ದು ಕೇವಲ 634 ಮತಗಳಿಂದ. ದೊಡ್ಡ ಹಳ್ಳಿಯೊಂದರ ಕೆಲವೇ ಓಣಿಗಳಲ್ಲಿ ಅಷ್ಟು ಮತದಾರರು ಸಿಗುತ್ತಾರೆ! ಶಿವಳ್ಳಿ ಅವರ ನಿಧನದ ನಂತರ, 2019ರ ಮೇ ತಿಂಗಳ ಉಪಚುನಾವಣೆಯಲ್ಲಿ ಅಂತರ 1,601. ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಂತೂ 2004ರಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಶಾಸಕರಾದರು. ಅಂತರ ಹೆಚ್ಚಿದ್ದಲ್ಲಿ ಮತ ವ್ಯರ್ಥವೇ? ಖಂಡಿತ ಅಲ್ಲ. ಸೋತವರಿಗೆ ಬಿದ್ದ ಮತವೂ ಎಣಿಕೆಯ ಪಟ್ಟಿಯಲ್ಲಿ ಉಳಿಯುತ್ತದೆ, ಗೆದ್ದವರನ್ನು ಎಚ್ಚರವಾಗಿಡುತ್ತದೆ.

ಹಿರಿಯರು, ಹಣವಂತರು ಹೇಳಿದಂತೆ ಗುಂಡಿ ಒತ್ತಬೇಕಲ್ಲ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದಕ್ಕೆಂದೇ ಮತದಾನ ಗುಪ್ತ. ಮರೆಯ ಹಿಂದೆ ಮಾಲೀಕನಿಗೂ ಕೂಲಿಯವಳಿಗೂ ಇರುವುದು ಒಂದೊಂದೇ ಮತ. ಮತ ಹಾಕಿದ ಮೇಲೆ ಐದು ವರ್ಷ ಸುಮ್ಮನಿರಬೇಕೆಂದೂ ಇಲ್ಲ. ಕುಡಿಯುವ ನೀರು, ರಸ್ತೆಯ ಲೆಕ್ಕ ಕೇಳಲು ಗ್ರಾಮಸಭೆ ಇದೆ. ಮತದಾನಕ್ಕೆ 18 ತುಂಬಬೇಕು, ಆದರೆ 17 ದಾಟಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಅಣ್ಣಿಗೇರಿಯ ಕಾಲೇಜು ವಿದ್ಯಾರ್ಥಿಗಳೇ, ನಮೂನೆ 6 ತುಂಬಿ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಗೆ ಈ ವಾರವೇ ಕೊಡಿ.