ಮಾತು ಕಲಿಸಿದ ಮೇಡಂಗೆ ಟಾಟಾ ಹೇಳುವಾಗ

(ಪೋಷಕರ ಸಭೆಯಲ್ಲಿ ಶುಶ್ರೂಷಾ ಬೋಧಕಿ ಆಡಿದ ಮಾತುಗಳ ಬರಹರೂಪ)



ನಿಮ್ಮ ಮಗುವಿಗೆ ಮಾತು ಕಲಿಸುವ ಸ್ಪೀಚ್ ಥೆರಪಿಸ್ಟ್ ಒಂದು ದಿನ ಬದಲಾಗಬಹುದು. ಅವರಿಗೆ ವರ್ಗವಾಗಬಹುದು, ಹೆರಿಗೆಗೆಂದು ಹೋಗಬಹುದು, ಇಲ್ಲವೇ ಮಗುವಿನ ಚಿಕಿತ್ಸೆಯೇ ಮುಗಿಯಬಹುದು. ಆ ದಿನಕ್ಕೆ ಮಗುವನ್ನು ಹೇಗೆ ಅಣಿಗೊಳಿಸಬೇಕು ಎಂಬುದೇ ಇಂದಿನ ವಿಷಯ.

ಮೊದಲು ನನ್ನ ತಪ್ಪನ್ನೇ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸತು. ನಾಲ್ಕು ವರ್ಷದ ಹುಡುಗನೊಬ್ಬ ವಾರಕ್ಕೆ ಎರಡು ಸಲ ಥೆರಪಿಗೆ ಬರುತ್ತಿದ್ದ. ಮೂರು ತುಂಬಿದರೂ ಮಾತಾಡದಿದ್ದವನು ‘ನೀರ ಬೇಕು’, ‘ಅವ್ವ ಬಾ’ ಎನ್ನುವಷ್ಟಾಗಿದ್ದ. ಆಗ ಅವನ ಮೇಡಂ ಬೇರೆ ಊರಿಗೆ ಹೋದರು. ಹುಡುಗ ಅಳುತ್ತಾನೆಂದು ನಾನು, “ಮೇಡಂ ಊರಿಗೆ ಹೋಗ್ಯಾರ, ನಾಳೆ ಬರ್ತಾರ” ಎಂದುಬಿಟ್ಟೆ. ಬಂದಾಗಲೆಲ್ಲ ಅವನು ಆ ಕೋಣೆಯ ಬಾಗಿಲಲ್ಲಿ ನಿಂತು ಕಾಯುತ್ತಿದ್ದ. ಹೊಸ ಮೇಡಂ ಎದುರು ತುಟಿ ಬಿಚ್ಚಲಿಲ್ಲ. ವೈದ್ಯರು ಕಿವಿ ಪರೀಕ್ಷಿಸಿದರು, ದೋಷವಿರಲಿಲ್ಲ. “ಬಂದ ಮಾತೂ ಹೋತಲ್ರೀ ಸಿಸ್ಟರ್” ಎಂದು ಅವನ ತಾಯಿ ಅತ್ತರು. ನನಗೆ ಉತ್ತರವಿರಲಿಲ್ಲ.

ನಮ್ಮಲ್ಲಿ ಯಾರೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತೇವೆ. ದೊಡ್ಡವರಿಗೆ ಅದರ ಅರ್ಥ ಗೊತ್ತು. ಸಣ್ಣ ಮಗು ‘ಬರ್ತೀನಿ’ ಎಂಬುದನ್ನೇ ನಂಬಿ ಕೂಡುತ್ತದೆ. ಆದ್ದರಿಂದ ಈ ಕೆಲವು ಮಾತು ನೆನಪಿಡಿ.

ಒಂದೆರಡು ವಾರ ಮೊದಲೇ ಮಗುವಿಗೆ ನಿಜ ಹೇಳಿ. ‘ಇನ್ನು ಮೂರು ಸಲ’ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹೋಗಿ ಬಂದಂತೆ ಒಂದೊಂದನ್ನೇ ಹೊಡೆದುಹಾಕಿ.

‘ನೀನು ಹಟ ಮಾಡಿದ್ದಕ್ಕೆ ಹೋದರು’ ಎಂದು ತಮಾಷೆಗೂ ಹೇಳಬೇಡಿ.

ಕೊನೆಯ ದಿನ ಮಗು ಕೈ ಬೀಸಲಿ, ತಾನೇ ಗೀಚಿದ ಚಿತ್ರ ಕೊಡಲಿ. ಎಲ್ಲರೆದುರು ‘ಹೇಳು, ಟಾಟಾ ಹೇಳು’ ಎಂದು ಒತ್ತಾಯಿಸಬೇಡಿ. ಅತ್ತರೆ ಅಳಲಿ.

ಸಾಧ್ಯವಾದರೆ ಹೊಸ ಥೆರಪಿಸ್ಟ್ ಒಂದು ದಿನ ಹಳಬರ ಜೊತೆಯಲ್ಲೇ ಕೂರಲಿ.

ಮಗು ಯಾವ ಶಬ್ದ ಕಲಿತಿದೆ, ಮುಂದೇನು ಕಲಿಸಬೇಕು, ಮನೆಯಲ್ಲಿ ಏನು ಅಭ್ಯಾಸ ಎಂಬುದನ್ನು ಬರೆಸಿಕೊಳ್ಳಿ. ಕಿವಿ ಪರೀಕ್ಷೆಯ ವರದಿಗಳನ್ನೂ ಅದೇ ಫೈಲಿನಲ್ಲಿಡಿ. ಹೊಸಬರು ಸಿಗುವುದು ತಡವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಕ್ಕಳಿಗೆ ಚಿಕಿತ್ಸೆಯಿದೆ.

ನಡುವಿನ ದಿನಗಳಲ್ಲಿ ಹೆದರಬೇಡಿ. ವಾರಕ್ಕೆ 168 ಗಂಟೆ. ಥೆರಪಿಯ ಒಂದೆರಡು ಗಂಟೆ ಬಿಟ್ಟರೆ ಮಿಕ್ಕಿದ್ದೆಲ್ಲ ನಿಮ್ಮದೇ. ರೊಟ್ಟಿ ಬಡಿಯುವಾಗ, ಎರೆಯುವಾಗ ಮಗುವಿನ ಮುಖ ನೋಡಿ ನಿಧಾನವಾಗಿ ಮಾತಾಡಿ. ಕೇಳಿದ ಮೇಲೆ ಅದು ಉತ್ತರಿಸುವವರೆಗೆ ಕಾಯಿರಿ. ಆದರೆ ಮನೆಯಲ್ಲೂ ಮಾತು ನಿಂತರೆ, ಕರೆದರೆ ತಿರುಗದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಆ ಹುಡುಗನ ಹಳೆಯ ಮೇಡಂಗೆ ಕೊನೆಗೆ ನಾನೇ ಫೋನ್ ಮಾಡಿದೆ. ಅವರು, “ನಾ ಈಗ ಬ್ಯಾರೆ ಊರಾಗ ಇರ್ತೀನಿ ಪುಟ್ಟ, ಅಲ್ಲಿಗೆ ಬರೂದಿಲ್ಲ. ನೀ ಭಾಳ ಛಲೋ ಮಾತಾಡ್ತಿ” ಎಂದರು. ಅವನು ಫೋನನ್ನು ಕಿವಿಗೆ ಒತ್ತಿಕೊಂಡು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಸಣ್ಣ ದನಿಯಲ್ಲಿ “ಟಾಟಾ” ಎಂದ. ಮರುವಾರ ಬಾಗಿಲಲ್ಲಿ ನಿಲ್ಲದೆ ನೆಟ್ಟಗೆ ಒಳಗೆ ಹೋಗಿ ಕೂತ. ಹೊಸ ಮೇಡಂ ಜೊತೆ ಮಾತು ಬರಲು ಇನ್ನೂ ಕೆಲವು ವಾರ ಹಿಡಿಯಿತು.

ನಿಮ್ಮ ಮಗುವನ್ನು ಹಾಗೆ ಕಾಯಿಸಬೇಡಿ.