ಗಾನವೂ ಗದ್ದಲವೂ



ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲೆ ನಮ್ಮ ಸಭೆಯ ಹಿರಿಯರು ನನ್ನನ್ನು ಚರ್ಚಿನ ಆರಾಧನಾ ಸಮಿತಿಗೆ ಸೇರಿಸಿಕೊಂಡರು. ದೂರುಗಳಿಗೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ದೂರುಗಳೆಲ್ಲ ಬಹುಮಟ್ಟಿಗೆ ಒಂದೇ: ಭಾನುವಾರದ ಆರಾಧನೆಯಲ್ಲಿ ವಾದ್ಯಗಳ ಅಬ್ಬರ ಮಿತಿಮೀರಿದೆ.

ಹಿಂದೆ ನಮ್ಮಲ್ಲಿದ್ದುದು ಒಂದು ಹಾರ್ಮೋನಿಯಂ. ಈಗ ಗಿಟಾರು, ಕೀಬೋರ್ಡು, ಡ್ರಮ್ಸುಗಳು ಬಂದಿವೆ, ಜೊತೆಗೆ ಧ್ವನಿವರ್ಧಕಗಳು. ಇವನ್ನು ತಂದವರು ನಮ್ಮ ಮಕ್ಕಳೇ, ತಂದದ್ದೂ ಭಕ್ತಿಯಿಂದಲೇ. ಹೊಸತನ್ನು ಕಂಡು ಮುಖ ಸಿಂಡರಿಸುವುದು ನಮಗೆ ಒಪ್ಪುವುದೂ ಇಲ್ಲ. 1862ರಲ್ಲಿ ಕಿಟ್ಟೆಲರು ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯಲ್ಲಿ ನಮ್ಮ ಛಂದಸ್ಸಿಗೆ ಅಳವಡಿಸಿದಾಗ ಅದೂ ಹೊಸತೇ ಆಗಿದ್ದಿತು.

ಒಬ್ಬ ವೃದ್ಧೆ ಬರೆದಿದ್ದರು: “ಬೋಧನೆ ನನಗೆ ಕೇಳಿಸುವುದಿಲ್ಲ, ಹಾಡು ಮಾತ್ರ ಕಿವಿಯನ್ನು ಇರಿಯುತ್ತದೆ.” ನಾನು ನಕ್ಕೆ. ಕೇಳಿಸದ ಕಿವಿಗೆ ಅಬ್ಬರವೆಲ್ಲಿಯದು? ‘ತಮ್ಮ ಸಲಹೆಯನ್ನು ಗಮನಿಸಲಾಗಿದೆ’ ಎಂದು ಎರಡು ಸಾಲು ಬರೆದು ಕಳುಹಿಸಿದೆ. ಮುಂದಿನ ಭಾನುವಾರ ಅವರ ಸ್ಥಳ ಬರಿದಾಗಿತ್ತು. ಅದರ ಮುಂದಿನ ಭಾನುವಾರವೂ.

ಕೆಲವು ತಿಂಗಳ ತರುವಾಯ ನನ್ನದೇ ಕಿವಿಯ ತೊಂದರೆಗಾಗಿ ವೈದ್ಯರಲ್ಲಿಗೆ ಹೋದೆ. ಒಳಗಿವಿಯ ಸೂಕ್ಷ್ಮ ಕೋಶಗಳು ಕ್ಷೀಣಿಸಿದವರಿಗೆ ಮೆಲುದನಿ ಕೇಳಿಸದು. ಆದರೆ ಸದ್ದು ಒಂದು ಮಟ್ಟವನ್ನು ದಾಟಿತೆಂದರೆ ಥಟ್ಟನೆ ಅಸಹನೀಯವಾಗುವುದುಂಟು. ಕೇಳಿಸುವುದಕ್ಕೂ ನೋಯುವುದಕ್ಕೂ ನಡುವಣ ಅಂತರ ಅವರಲ್ಲಿ ಕಿರಿದಾಗಿರುತ್ತದೆ. ಆ ತಾಯಿ ಬರೆದದ್ದು ಅಕ್ಷರಶಃ ಸತ್ಯವಾಗಿತ್ತು. ಕಾಗದವನ್ನು ಓದಿದೆನೇ ಹೊರತು ಆಕೆಯ ಅಳಲನ್ನು ನಾನು ಕೇಳಿರಲಿಲ್ಲ.

ಅಂದಿನಿಂದ ಸಮಿತಿಯವರು ಒಂದು ಪದ್ಧತಿಯನ್ನಿಟ್ಟುಕೊಂಡೆವು. ದೂರು ಕೊಟ್ಟವರು ಕುಳಿತ ಬೆಂಚಿನಲ್ಲಿಯೇ ಕುಳಿತು ಕೇಳುವುದು. ಶಬ್ದಮಾಪಕವನ್ನೂ ಅಲ್ಲಿಯೇ ಇಡುವುದು. ಡೆಸಿಬೆಲ್ ಲೆಕ್ಕ ವಿಚಿತ್ರವಾದುದು: ಅಳತೆ 10 ಏರಿದರೆ ಶಬ್ದದ ಶಕ್ತಿ 10 ಪಟ್ಟಾಗುತ್ತದೆ, ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ತೋರುತ್ತದೆ. ವೇದಿಕೆಯ ತರುಣರಾದರೋ ತಮ್ಮ ಧ್ವನಿವರ್ಧಕದ ಮುಂದೆ ಒಮ್ಮೆಯೂ ಕುಳಿತವರಲ್ಲ. ನಮ್ಮದು ಎತ್ತರದ ಸೂರು, ಬರಿಯ ಗೋಡೆ. ಮೂಲೆಯ ಡ್ರಮ್ಮಿನ ಸದ್ದು ಗೋಡೆಗೆ ಬಡಿದು ಮರಳುತ್ತದೆ. ಅದನ್ನು ಮೀರಲು ಗಿಟಾರು ಏರುತ್ತದೆ. ಅದನ್ನು ಮೀರಲು ಹಾಡುಗಾರರು. ಸಭೆ ತನ್ನ ದನಿಯನ್ನೇ ಕೇಳಲಾರದೆ ಬಾಯಿ ಮುಚ್ಚುತ್ತದೆ. ಡ್ರಮ್ಸನ್ನು ಮೂಲೆಯಿಂದ ಸರಿಸಿ ಕೆಳಗೆ ಜಮಖಾನ ಹಾಸಿದೆವು. ಧ್ವನಿ ಹೊಂದಿಸಲು ಒಬ್ಬನನ್ನು ಸಭೆಯ ನಡುವೆ ಕೂರಿಸಿದೆವು. ಯಾವ ವಾದ್ಯವನ್ನೂ ಹೊರಹಾಕಬೇಕಾಗಲಿಲ್ಲ.

ನೆರೆಹೊರೆಯವರ ದೂರಿನ ಮಾತು ಬೇರೆ. ಅವರು ನಮ್ಮ ಆರಾಧನೆಗೆ ಬಂದವರಲ್ಲ. ಮದರಾಸಿನ ಒಂದು ಚರ್ಚಿನ ವಿಷಯದಲ್ಲಿ 2000ದ ಆಗಸ್ಟ್ 30ರಂದು ಸುಪ್ರೀಂ ಕೋರ್ಟು, ಇತರರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಮತವೂ ವಿಧಿಸುವುದಿಲ್ಲವೆಂದು ಹೇಳಿತು. ಅದೇ ವರ್ಷದ ಕೇಂದ್ರ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಎಲ್ಲೆಯನ್ನು ಗೊತ್ತುಪಡಿಸಿವೆ. ಕಾನೂನು ಹೇಳುವ ಮೊದಲೇ ಬೀದಿಯ ಕಿಟಕಿಗಳನ್ನು ನಾವೇ ಮುಚ್ಚಿಕೊಳ್ಳುವುದು ಲೇಸು.

ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿದೆ. ಈಗ ಅವರು ಹಿಂದಿನ ಸಾಲಿನಲ್ಲಿ ಬಂದು ಕುಳಿತುಕೊಳ್ಳುತ್ತಾರೆ. ಎಲ್ಲ ಭಾನುವಾರಗಳಲ್ಲೂ ಅಲ್ಲ. ಕಳೆದ ವಾರ ತರುಣನೊಬ್ಬ, ಹಾಡಿನಲ್ಲಿ ಕಸುವೇ ಉಳಿದಿಲ್ಲವೆಂದು ದೂರು ಕೊಟ್ಟಿದ್ದಾನೆ. ಉತ್ತರ ಬರೆಯುವ ಮೊದಲು ಅವನ ಪಕ್ಕದಲ್ಲಿ ಕುಳಿತು ಕೇಳಬೇಕೆಂದಿದ್ದೇನೆ.